ಏಣಿ ಇಡುವ ಜಾಗ

ಅತ್ತೆ, ಮಾವ, ನಾದಿನಿ ಎಲ್ಲರೂ ಹಿಂದಿನ ಸಂಜೆಯ ಬಸ್ಸಿಗೆ ಹೊರಟುಹೋಗಿದ್ದರಿಂದ ಆ ಬೆಳಿಗ್ಗೆ ಮನೆಯಲ್ಲಿ ಅಳುವುದಕ್ಕೆ ಯಾರೂ ಇರಲಿಲ್ಲ. ಅವಳ ಪಾಲಿನದನ್ನೂ ಅವರೇ ಅತ್ತು ಮುಗಿಸಿದ್ದರು. ಅವಳು ಎದ್ದು ಮುಖ ತೊಳೆದು ಅಡುಗೆಮನೆಗೆ ಹೋದಳು. ಇಷ್ಟು ದಿನ ಬೇರೆ ಬೇರೆ ಹೆಂಗಸರ ಕೈಯಲ್ಲಿದ್ದ ಅಡುಗೆಮನೆ ಅವಳ ಗುರುತು ಮರೆತಂತಿತ್ತು. ಸಕ್ಕರೆ ಡಬ್ಬಿ ಉಪ್ಪಿನ ಜಾಗದಲ್ಲಿ, ಉಪ್ಪು ಎಲ್ಲಿಯೋ, ಚಹಾ ಸೋಸುವ ಜಾಲರಿ ಇಕ್ಕಳದ ಮೊಳೆಗೆ. ಜಾಲರಿಯನ್ನು ತೆಗೆದು ಅದರ ಮೊಳೆಗೆ ತೂಗುಹಾಕುವಾಗ ಎದೆಯಲ್ಲಿ ಏನೋ ಬಿಸಿಯಾಗಿ ಎದ್ದಿತು. ದುಃಖವಿರಬೇಕು, ಕೊನೆಗೂ ಬಂತು, ಎಂದು ಅವಳು ಅಡುಗೆಕಟ್ಟೆಯ ಅಂಚು ಹಿಡಿದು ಕಾದಳು. ಅದು ಬರೀ ಸಿಟ್ಟು. ಜಾಲರಿಯ ಮೇಲಿನ ಸಿಟ್ಟು. ಗಂಡ ಬಸ್ಸಿನಲ್ಲಿ ಕೂತಲ್ಲೇ ಪಕ್ಕದವರ ಹೆಗಲಿಗೆ ಒರಗಿ ಪ್ರಾಣ ಬಿಟ್ಟ ಮೇಲೆ ಅವಳೊಳಗೆ ಎದ್ದ ಮೊದಲ ಸ್ಪಷ್ಟ ಭಾವನೆ ಅಷ್ಟು ಚಿಕ್ಕದು ಎಂದು ನಾಚಿಕೆಯಾಯಿತು, ಆ ನಾಚಿಕೆಯೂ ಚಹಾ ಕುದಿಯುವಷ್ಟರಲ್ಲಿ ಇಂಗಿತು.

ಲೋಟ ಹಿಡಿದು ಮುಂದಿನ ಕೋಣೆಗೆ ಬರುವಾಗ ಏಣಿಗೆ ಕಾಲು ಬಡಿಯಿತು. ಎರಡು ಕೋಣೆಗಳ ನಡುವಿನ ಇಕ್ಕಟ್ಟಾದ ಹಾದಿಯ ಉದ್ದಕ್ಕೂ ಗೋಡೆಗೆ ಒತ್ತಿ ಮಲಗಿಸಿದ ಏಣಿ ಅದು. ಅವಳೂ ಅವನೂ ಎಷ್ಟೋ ಕಾಲದಿಂದ ಅದರ ಪಕ್ಕದಿಂದ ಓರೆಯಾಗಿ ನಡೆದು ನಡೆದು, ಈ ಮನೆಯಲ್ಲಿ ನಡೆಯುವ ರೀತಿಯೇ ಅದು ಎಂದುಕೊಂಡಿದ್ದರು. ಹೊರಗಿನವರಿಗೆ ಅದು ಗೊತ್ತಿರಲಿಲ್ಲ. ಬಂದ ನೆಂಟರೆಲ್ಲ ಒಬ್ಬರಾದ ಮೇಲೊಬ್ಬರು ಎಡವಿದರು. ಅತ್ತೆ ಅದರ ಮೆಟ್ಟಿಲುಗಳ ಮೇಲೆ ಕರವಸ್ತ್ರ ಒಣಹಾಕಿದರು. ಸಾವಿನ ಮನೆಯಲ್ಲಿ ಮಾತಿಗೊಂದು ವಸ್ತು ಬೇಕಿತ್ತಲ್ಲ, ಎಲ್ಲರೂ ಅದನ್ನೇ ಹಿಡಿದುಕೊಂಡರು. ಯಾರದು ಈ ಏಣಿ, ಬಾಡಿಗೆಮನೆಯೊಳಗೆ ಏಣಿ ಯಾಕೆ, ಮೂರನೆಯ ಮಹಡಿಯಿಂದ ಇನ್ನೆಲ್ಲಿಗೆ ಹತ್ತಬೇಕಂತೆ ಇವರಿಗೆ. ಹಾಗೆಂದ ದೊಡ್ಡಪ್ಪನೊಬ್ಬರು ತಾವೇ ನಕ್ಕು, ಇನ್ನಿಬ್ಬರು ನಕ್ಕು, ಮೇಲೆ ಹತ್ತುವ ಮಾತು ಇಲ್ಲಿ ಆಡಬಾರದಿತ್ತು ಎಂದು ಹೊಳೆದು ಒಟ್ಟಿಗೇ ಸುಮ್ಮನಾಗಿದ್ದರು. ಏಣಿ ಯಾರದೆಂದು ಅವಳಿಗೆ ಗೊತ್ತಿತ್ತು. ಆ ಮನುಷ್ಯ ಮಣ್ಣಿಗೆ ಬಂದಿರಲಿಲ್ಲ ಎಂಬುದೂ ಗೊತ್ತಿತ್ತು. ಪೇಟೆಬೀದಿಯಿಂದ ಗುಂಡಿ ಅಂಗಡಿಯಾಕೆ ಬಂದಿದ್ದಳು, ಗಡಿಯಾರದ ರಿಪೇರಿಯವರು ಬಂದಿದ್ದರು, ಅಂಗಡಿ ಹೋಗಿ ಈಗೆಲ್ಲೋ ಊರಾಚೆ ಮಗಳ ಮನೆಯಲ್ಲಿರುವ ಟೈಲರೂ ಎರಡು ಬಸ್ಸು ಬದಲಿಸಿ ಬಂದಿದ್ದರು. ಏಣಿಯ ಒಡೆಯ ಬಣ್ಣದ ಮಾಮ ಬರಲಿಲ್ಲ. ಜನರ ಕಾಲುಗಳ ನಡುವೆ ಅವಳು ಹುಡುಕಿದ್ದು ಬಣ್ಣದ ಕಲೆಗಳಿರುವ ಆ ಒಂದು ಜೊತೆ ಚಪ್ಪಲಿಯನ್ನು ಮಾತ್ರ.

ಚಹಾ ಮುಗಿಯುವ ಮೊದಲೇ ಆಫೀಸಿನ ಮ್ಯಾನೇಜರರ ಫೋನು ಬಂತು. ಹೇಗಿದ್ದೀರಿ ಎಂದು ಕೇಳಿದರು, ಉತ್ತರಕ್ಕೆ ಕಾಯದೆ ಆರಾಮಾಗಿ ಬನ್ನಿ, ಅವಸರವಿಲ್ಲ ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡರು. "ಈಗ ಕೇಳ್ಬಾರ್ದು, ಆದ್ರೂ ಕೇಳ್ತೀನಿ. ನಿಮ್ಮ ಮನೆಯವರು ಆ ಹಳೇ ಟಾಕೀಸಿನ ಅಳತೇನೂ ತೆಗೆದಿದ್ರಲ್ಲ? ಅದರ ಫೈಲು ಎಲ್ಲಾದ್ರೂ ಇದ್ರೆ ನಮಗೆ ಕೆಲಸ ಅರ್ಧ ಆದ ಹಾಗೆ."

ಫೈಲು ಇತ್ತು. ಅವಳು ನಿಂತಲ್ಲಿಂದ ಕೈ ಚಾಚಿದರೆ ಸಿಗುವ ಕಂಪ್ಯೂಟರಿನಲ್ಲೇ ಇತ್ತು. "ಇಲ್ಲ ಸಾರ್," ಎಂದಳು. ಅತ್ತ ಕಡೆಯಿಂದ ಸರಿ, ಆರಾಮಾಗಿ ಬನ್ನಿ ಎಂಬ ಮಾತು ಇನ್ನೊಮ್ಮೆ ಬಂತು, ಈ ಸಲ ಸ್ವಲ್ಪ ತಣ್ಣಗೆ.

ಊರಿನ ಹಳೆಯ ಪೇಟೆಯಲ್ಲಿ ಕಟ್ಟಡ ಕೆಡವಿದವರಿಗೆ ಖಾಲಿ ಜಾಗದಲ್ಲಿ ಕಾರು ನಿಲ್ಲಿಸುವ ಗೆರೆಗಳ ನಕ್ಷೆ ಮಾಡಿಕೊಡುವುದು ಅವಳ ಆಫೀಸಿನ ಕೆಲಸ. ಪ್ರತಿ ನಕ್ಷೆಯ ತಲೆಯ ಮೇಲೂ 'ಹೊಸ ಕಟ್ಟಡ ಏಳುವವರೆಗೆ' ಎಂದು ಬರೆಯುತ್ತಾರೆ. ಅವಳು ಸೇರಿದ ಮೇಲೆ ಒಂದೂ ಎದ್ದಿರಲಿಲ್ಲ. ಅವನದು ನಗರದ ಕಚೇರಿಯಲ್ಲಿ ಅದೇ ಪೇಟೆಯ ಕಟ್ಟಡಗಳನ್ನು ಅಳೆದು, ಕಿಟಕಿ ಬಾಗಿಲು ಗಾರೆಯ ಹೂಬಳ್ಳಿ ಬಿಡದೆ ನಕ್ಷೆ ಬರೆದು, ಉಳಿಸಬೇಕಾದ ಪಟ್ಟಿಗೆ ಶಿಫಾರಸು ಮಾಡುವ ಕೆಲಸ. ಒಂದೇ ತರಗತಿಯಲ್ಲಿ ಓದಿದ ಗೆಳೆಯರು ಮದುವೆಯ ದಿನವೇ ಗಂಡ ಅಳೀತಾನೆ, ಹೆಂಡ್ತಿ ಅಳಿಸ್ತಾಳೆ ಎಂದು ನಗಾಡಿದ್ದರು. ಅವನೂ ನಕ್ಕಿದ್ದ. ಆಗ ಅದು ಬರೀ ನಗೆಮಾತಾಗಿತ್ತು. ಪಟ್ಟಿಗೆ ಹೆಸರುಗಳು ಸೇರುತ್ತಿದ್ದವು, ಅವಳ ಆಫೀಸಿಗೆ ಬರುತ್ತಿದ್ದದ್ದು ಹಳೆಯ ಗೋದಾಮುಗಳು, ಯಾರಿಗೂ ಬೇಡದ ಮುರುಕು ಗೋಡೆಗಳು. ಒಂದು ಸಂಜೆ ಊಟದ ಹೊತ್ತಿಗೆ ಅವಳು, ಆ ಪೇಟೆಬೀದಿಯ ಕಂಬದ ಸಾಲಿನ ಅಂಗಡಿಕಟ್ಟಡವಿದೆಯಲ್ಲ, ಅದರ ಮುಂಭಾಗ ಎಷ್ಟು ಅಗಲ ಎಂದು ಕೇಳಿದಳು. ಬಾಯಲ್ಲಿ ತುತ್ತಿತ್ತು, ಆದರೂ ಅವನು ತಡವರಿಸದೆ ಹೇಳಿದ. ಮಗುವಿನ ವಯಸ್ಸು ಕೇಳಿದರೆ ತಾಯಿ ಹೇಳುವಂತೆ ಹೇಳಿದ. ಆಮೇಲೆ ನಿಧಾನವಾಗಿ ಅಗಿಯುತ್ತ ಅವಳ ಮುಖ ನೋಡಿದ. "ಯಾಕೆ?" "ಆಫೀಸಿಗೆ," ಎಂದಳು. ಸಾಲನ್ನು ಪಟ್ಟಿಗೆ ಸೇರಿಸುವ ಅರ್ಜಿ ತಿರಸ್ಕಾರವಾದ ಸುದ್ದಿ ಅವನಿಗೆ ಗೊತ್ತಾದದ್ದು ಆ ಒಂದು ಪದದಿಂದ. ಅವನು ನೀರು ಕುಡಿದ. ಎರಡು ದಿನ ಬಿಟ್ಟು ಅವಳು ಪೂರ್ತಿ ನಕ್ಷೆಯನ್ನೇ ಕೇಳಿದಾಗ, ಹೇಗೂ ಯಾರೋ ಒಬ್ಬರು ಅಳೆದೇ ಅಳೆಯುತ್ತಾರೆ, ತಪ್ಪು ಅಳತೆ ಯಾಕೆ ಹೋಗಬೇಕು, ಎಂದು ಹೇಳಿ ತಾನೇ ಫೈಲು ತೆರೆದುಕೊಟ್ಟು ಸ್ನಾನಕ್ಕೆ ಹೋದ. ಆ ದಿನ ಸ್ನಾನ ಬಹಳ ಹೊತ್ತು ಹಿಡಿಯಿತು. ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಅವರಿಬ್ಬರೂ ಜಗಳವಾಡದ ದಂಪತಿ ಎಂದು ಅತ್ತೆ ಎಲ್ಲರ ಎದುರು ಹೊಗಳುತ್ತಿದ್ದರು.

ಆ ಸಾಲಿನ ಮಧ್ಯದ ಅಂಗಡಿ ಬಣ್ಣದ ಮಾಮನದು. ಊರಿನ ಅರ್ಧ ನಾಮಫಲಕಗಳನ್ನು ಬರೆದವರು ಅವರು. ಮೇಲಿನ ಗಾರೆಯ ಅಂಚನ್ನು ಅಳೆಯಲು ಅವನು ಏಣಿ ತಂದದ್ದು ಅವರಿಂದ. ಈ ಒಂದು ನಕ್ಷೆ ಮುಗಿದರೆ ಕಟ್ಟಡಕ್ಕೆ ಏನೂ ಆಗಲ್ಲ ಮಾಮ, ಎಂದು ಅವನು ಅವರಿಗೆ ಹೇಳಿದ್ದು ಅವಳ ಎದುರಿಗೇ. ಅವರು ಆ ಮಾತನ್ನು ನಂಬಿ ಅಂಗಡಿಯ ಗೋಡೆಗೆ ಹೊಸದಾಗಿ ಹಸಿರು ಬಣ್ಣ ಬಳಿದುಕೊಂಡರು. ಬಣ್ಣದ ವಾಸನೆ ಹೋಗುವ ಮೊದಲೇ ಕಟ್ಟಡ ಹೋಯಿತು. ಆಮೇಲೆ ಅವನು ಆ ಬೀದಿಗೆ ಕಾಲಿಡಲಿಲ್ಲ. ಏಣಿ ಕೊಟ್ಟುಬರಬೇಕು ಎಂದು ಆಗಾಗ ಹೇಳುತ್ತಿದ್ದ, ಶನಿವಾರ ಹೋಗೋಣ ಎಂದು ಅವಳು ಅನ್ನುತ್ತಿದ್ದಳು, ಶನಿವಾರ ಇಬ್ಬರೂ ಅದರ ಪಕ್ಕದಿಂದ ಓರೆಯಾಗಿ ನಡೆಯುತ್ತಿದ್ದರು. ತಾನು ಏಣಿ ಕೊಟ್ಟು ಅಳೆಸಿದ ಹುಡುಗ ಆ ಅಳತೆಯನ್ನೇ ಹೆಂಡತಿಯ ಆಫೀಸಿಗೆ ಮಾರಿಕೊಂಡ ಎಂದು ಬಣ್ಣದ ಮಾಮ ತಿಳಿದಿರಬೇಕು. ಇಲ್ಲದಿದ್ದರೆ ಬರದೆ ಇರುತ್ತಿದ್ದರೇ? ಮಾತಾಡಿ ತಿಳಿಹೇಳಲು ಅವನಿಲ್ಲ. ಇನ್ನು ಮುಂದೆ ಅವನ ಮೇಲೆ ಹೊರಿಸಿದ್ದು ಹೊರಿಸಿದ ಹಾಗೇ ಉಳಿಯುತ್ತದೆ, ಅವಳು ಹೋಗಿ ಇಳಿಸದ ಹೊರತು. ಏಣಿಯ ಮೇಲಿಂದ ಅತ್ತೆ ಮರೆತು ಬಿಟ್ಟುಹೋದ ಕರವಸ್ತ್ರವನ್ನು ತೆಗೆದು ಮಡಿಸಿ ಇಟ್ಟಳು.

ಏಣಿಯನ್ನು ಮೆಟ್ಟಿಲ ತಿರುವಿನಲ್ಲಿ ಇಳಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಕೆಳಗಿನ ಮನೆಯ ನರ್ಸು ಪಾಳಿ ಮುಗಿಸಿ ಬಂದು ಬಾಗಿಲು ತೆಗೆಯುತ್ತಿದ್ದವಳು, ಬೀಗವನ್ನು ಬಾಗಿಲಲ್ಲೇ ಬಿಟ್ಟು ಬಂದು ಇನ್ನೊಂದು ತುದಿ ಹಿಡಿದಳು. ಯಾಕೆ ಎಂದು ಕೇಳಲಿಲ್ಲ. ರೋಗಿಯನ್ನು ಮಂಚದಿಂದ ಮಂಚಕ್ಕೆ ಹೊರಳಿಸುವವರ ದನಿಯಲ್ಲಿ, ಈಗ ನನ್ನ ಕಡೆಗೆ, ಈಗ ನಿಮ್ಮ ಕಡೆಗೆ, ಸ್ವಲ್ಪ ಎತ್ತಿ, ಎಂದಷ್ಟೇ ಹೇಳುತ್ತ ಬೀದಿಯವರೆಗೆ ಬಂದಳು. "ದೂರಾನಾ?" ಎಂದಳು ಕೊನೆಗೆ. ಪೇಟೆಗೆ ಎಂದಾಗ, "ಏನಾದ್ರೂ ತಿಂದಿದ್ದೀರಾ?" ಎಂದು ಕೇಳಿ, ಸುಳ್ಳು ಹೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಅವಳ ಕೈಚೀಲಕ್ಕೆ ತುರುಕಿದಳು.

ಬಸ್ಸಿನವನು ತಲೆ ಅಲ್ಲಾಡಿಸಿದ. ಟ್ಯಾಕ್ಸಿಯವನು ಗಾಡಿ ನಿಲ್ಲಿಸಿ, ಏಣಿ ನೋಡಿ, ನಿಲ್ಲಿಸಿದ್ದಕ್ಕೇ ಬೇಸರ ಮಾಡಿಕೊಂಡು ಹೋದ. ಅವಳು ಏಣಿಯನ್ನು ಹೆಗಲಿಗೇರಿಸಿ ಮೆಟ್ಟಿಲುಗಳ ನಡುವೆ ತೋಳು ತೂರಿಸಿ ನಡೆದಳು. ಭಾರ ಅಷ್ಟಿಲ್ಲ, ಉದ್ದ ಮಾತ್ರ. ಮುಂದಿನ ತುದಿಯನ್ನು ನೋಡಿಕೊಂಡರೆ ಹಿಂದಿನ ತುದಿ ಯಾರದೋ ಕೊಡೆಗೆ ಬಡಿಯುತ್ತಿತ್ತು, ಹಿಂದಕ್ಕೆ ತಿರುಗಿ ಕ್ಷಮಿಸಿ ಎಂದರೆ ಮುಂದಿನದು ಇನ್ಯಾರದೋ ಕಿಟಕಿಗೆ. ಒಂದು ಕಾರು ತಿರುಗಲು ಎಷ್ಟು ಜಾಗ ಬೇಕು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲವಳು ಮೂಲೆಮೂಲೆಗೆ ಸಿಕ್ಕಿಹಾಕಿಕೊಳ್ಳುತ್ತಿದ್ದಳು. ಹಾದಿಯ ಬದಿಯಲ್ಲಿ ನಿಂತ ಒಬ್ಬ ಮನುಷ್ಯ ಎರಡು ಕೋಣೆಗೆ ಸುಣ್ಣ ಹೊಡೆಯಲು ಏನು ತೆಗೆದುಕೊಳ್ಳುತ್ತೀರಿ ಎಂದು ಕೇಳಿದ. ಗೊತ್ತಿಲ್ಲ ಎಂದಳು. ಗೊತ್ತಿಲ್ಲದವರು ಏಣಿ ಯಾಕೆ ಹೊತ್ತು ತಿರುಗುತ್ತೀರಿ ಎಂದು ಅವನು ನಿಜವಾಗಿಯೇ ನೊಂದುಕೊಂಡ. ಅವಳಿಗೆ ನಗು ಬಂತು. ನಗು ಬಂದದ್ದನ್ನು ಯಾರಾದರೂ ನೋಡಿದರೋ ಎಂದು ಅತ್ತಿತ್ತ ನೋಡುವಾಗ ಎದುರಿಗೇ ಗುಂಡಿ ಅಂಗಡಿಯಾಕೆ. ಆಕೆ ಸಾವಿನ ಮನೆಯ ಮುಖ ಮಾಡಿಕೊಳ್ಳಲು ಹೊರಟು, ಏಣಿ ಕಂಡು, ಆ ಮುಖವನ್ನು ಅರ್ಧಕ್ಕೇ ಬಿಟ್ಟು, ಬೇರೆ ಯಾವ ಮುಖ ಸರಿಯೆಂದು ತಿಳಿಯದೆ, "ಹುಷಾರಮ್ಮಾ," ಎಂದಷ್ಟೇ ಹೇಳಿ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು.

ಅಂಚೆ ಕಚೇರಿ ಇದ್ದಲ್ಲಿಂದ ಪೇಟೆ ಶುರು. ಈಗ ಅಲ್ಲಿ ಕಾರುಗಳು. ಬಾಯಿ ತೆರೆದ ದವಡೆಯಲ್ಲಿ ಹಲ್ಲು ಬಿದ್ದ ಜಾಗಗಳ ಹಾಗೆ ಎರಡು ಕಟ್ಟಡ, ಒಂದು ಖಾಲಿ, ಒಂದು ಕಟ್ಟಡ, ನಾಲ್ಕು ಖಾಲಿ. ಅವಳು ಇವುಗಳನ್ನು ಹಾಳೆಯ ಮೇಲೆ ಮೇಲಿನಿಂದ ನೋಡಿದ್ದೇ ಹೆಚ್ಚು. ಮೇಲಿನಿಂದ ನೋಡಿದರೆ ಖಾಲಿ ಎಂಬುದು ಬಿಳಿಯಾಗಿ, ಸ್ವಚ್ಛವಾಗಿ ಕಾಣುತ್ತದೆ. ನಡೆದು ಹೋಗುವಾಗ ಹಾಗಲ್ಲ, ಪಕ್ಕದಲ್ಲಿ ಉಳಿದ ಕಟ್ಟಡದ ಗೋಡೆ ಎಲ್ಲವನ್ನೂ ಬರೆದಿಟ್ಟುಕೊಂಡಿರುತ್ತದೆ. ಔಷಧಿ ಅಂಗಡಿಯ ಗೋಡೆಯ ಮೇಲೆ ಕಿತ್ತುಹೋದ ಮೆಟ್ಟಿಲಿನ ಹಲ್ಲುಹಲ್ಲು ಗುರುತು ಓರೆಯಾಗಿ ಏರಿತ್ತು. ಅದರ ತುದಿಯಲ್ಲಿ ಆಕಾಶದ ನಡುವೆ ಒಂದು ನೀಲಿ ಕೋಣೆಯ ಮೂರನೆಯ ಒಂದು ಭಾಗ, ಅದರಲ್ಲೊಂದು ಮೊಳೆ, ಮೊಳೆಯ ಕೆಳಗೆ ಚೌಕಟ್ಟು ತೂಗಿದ್ದಲ್ಲಿ ಮಾಸದೆ ಉಳಿದ ಇನ್ನೂ ಗಾಢ ನೀಲಿ. ಅದು ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಮನೆ. ಆ ಮೆಟ್ಟಿಲು ಹತ್ತುವಾಗ ಮರ ಕಿರುಗುಟ್ಟುತ್ತಿತ್ತು, ಪಕ್ಕದ ಔಷಧಿಯ ವಾಸನೆ ಪುಸ್ತಕಗಳಿಗೆ ಹತ್ತಿ, ಅಲ್ಲಿಂದ ತಂದ ಕಥೆಗಳನ್ನು ಓದಿದರೆ ನೆಗಡಿ ಹೋಗುತ್ತದೆ ಎಂದು ಅವನು ತಮಾಷೆ ಮಾಡುತ್ತಿದ್ದ. ಅವನ ದನಿ ಕಿವಿಯಲ್ಲಿ ಸ್ಪಷ್ಟವಾಗಿ ಬಂತು. ಮುಖ ಮಾತ್ರ ಬರಲಿಲ್ಲ. ಮುಖದ ಬದಲು ಟೇಪು ಹಿಡಿದ ಕೈ ಬಂತು. ಅವರಿಬ್ಬರ ಪರಿಚಯವಾದದ್ದೇ ಹಾಗೆ. ಓದುವಾಗ ಕಂಬದ ಸಾಲನ್ನು ಅಳೆಯಲು ಇಬ್ಬಿಬ್ಬರನ್ನು ಜೋಡಿ ಮಾಡಿ ಕಳಿಸಿದ್ದರು. ಒಂದು ತುದಿಯಲ್ಲಿ ಅವನು ಓದಿ ಹೇಳಬೇಕು, ಇನ್ನೊಂದು ತುದಿಯಲ್ಲಿ ಅವಳು ಗೋಡೆಗೆ ಒತ್ತಿ ಹಿಡಿದು ನಿಲ್ಲಬೇಕು. ಅವಳ ಹೆಬ್ಬೆರಳ ಉಗುರು ಬೆಳ್ಳಗಾಗುವಷ್ಟು ಹೊತ್ತು ಅವನು ಓದುತ್ತಿದ್ದ. ಕಂಬಗಳ ನೆರಳಿನಲ್ಲಿ ಸ್ಟೂಲು ಹಾಕಿಕೊಂಡು ನಾಮಫಲಕ ಬರೆಯುತ್ತಿದ್ದ ಬಣ್ಣದ ಮಾಮ ಅವಳಿಗೆ ಟೇಪಮ್ಮ ಎಂದು ಹೆಸರಿಟ್ಟರು. ಮುಂದಿನ ವರ್ಷ ಮದುವೆಯ ಕರೆ ಕೊಡಲು ಹೋದಾಗ, ಬ್ರಷ್ಷು ಕೆಳಗಿಡದೆ, "ಟೇಪು ಹಿಡಿಯೋಕೆ ಬಂದೋಳು ಕೈ ಹಿಡಿದುಬಿಟ್ಟಳಲ್ಲ," ಎಂದು ಅವನನ್ನು ಕಾಡಿದರು. ಬೀದಿಯಲ್ಲಿ ಮಳೆ ಬಂದರೆ ಇಡೀ ಪೇಟೆ ಆ ಕಂಬಗಳ ಕೆಳಗೆ ಸೇರುತ್ತಿತ್ತು, ಕೊಳ್ಳುವವರು, ಕೊಳ್ಳದವರು, ಜಗಳವಾಡಿ ಮಾತುಬಿಟ್ಟವರು ಎಲ್ಲ ಒಂದೇ ಸಾಲಿನಲ್ಲಿ ಮಳೆ ನೋಡುತ್ತ. ಈಗ ಮಳೆ ಬಂದರೆ ಎಲ್ಲರೂ ಓಡುತ್ತಾರೆ. ಇದನ್ನು ಅವಳು ಯಾವ ನಕ್ಷೆಯಲ್ಲಿಯೂ ಬರೆದಿರಲಿಲ್ಲ, ಬರೆಯಲು ಅದಕ್ಕೊಂದು ಗುರುತೂ ಇರಲಿಲ್ಲ.

ಟಾಕೀಸು ಇನ್ನೂ ನಿಂತಿತ್ತು. ಟಿಕೆಟ್ಟಿನ ಕಿಂಡಿಗೆ ಹಲಗೆ ಬಡಿದಿದ್ದರು. ಅವಳು ಏಣಿ ಇಳಿಸಿ ಟಾಕೀಸಿನ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ತಿಂದಳು. ಹಸಿವಾಗಿತ್ತು ಎಂದು ತಿನ್ನುವಾಗ ಗೊತ್ತಾಯಿತು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದಳು. ಅವನು ಕೊಟ್ಟಿದ್ದಲ್ಲ ಮಾಮ, ನಾನು ತಗೊಂಡಿದ್ದು. ಅಷ್ಟೇ. ಕೆಲವು ಸಲ ಅದು ಸರಳವಾಗಿ, ಘನತೆಯಿಂದ ಬರುತ್ತಿತ್ತು, ಕೆಲವು ಸಲ ಅದರ ಹಿಂದೆಯೇ, ಅವನೂ ಬೇಡ ಅನ್ನಲಿಲ್ಲವಲ್ಲ ಎಂಬ ಇನ್ನೊಂದು ಮಾತು ಬಾಲದ ಹಾಗೆ ಅಂಟಿಕೊಂಡು ಬರುತ್ತಿತ್ತು. ಸತ್ತವನ ಹೆಸರು ತೊಳೆಯಲು ಹೊರಟವಳು ಕೊನೆಯ ಗಳಿಗೆಯಲ್ಲಿ ತನ್ನ ಕೈ ತೊಳೆದುಕೊಂಡುಬಿಡುತ್ತಾಳೋ ಏನೋ ಎಂದು ಅವಳಿಗೆ ಅವಳ ಮೇಲೆಯೇ ಗುಮಾನಿ. ಬಾಲ ಕತ್ತರಿಸಿ, ಏಣಿ ಎತ್ತಿಕೊಂಡಳು.

ಬಣ್ಣದ ಮಾಮನ ವಿಚಾರ ಕೇಳಲೆಂದು ಹುಡುಕುತ್ತ ಬಂದ ಕಂಬದ ಸಾಲಿನ ಜಾಗವನ್ನು ಅವಳು ಗುರುತಿಸಿದ್ದು ಬೋರ್ಡಿನಿಂದ. ಎರಡು ಕಬ್ಬಿಣದ ಕಂಬಗಳ ಮೇಲೆ ಎತ್ತರವಾಗಿ ನಿಂತ ಬೋರ್ಡು, ಅದರಲ್ಲಿ ಬರಲಿರುವ ಕಟ್ಟಡದ ಚಿತ್ರ, ಗಾಜಿನ ಮಹಡಿಗಳು, ಕೆಳಗೆ ಮರಗಳು, ಮರದ ಕೆಳಗೆ ಗಂಡ ಹೆಂಡತಿ ಮಗು. ಬಿಸಿಲಿಗೆ ಗಂಡಸಿನ ಮುಖ ಮಾಸಿಹೋಗಿತ್ತು. ಕೆಳಗೆ ಕೆಲಸ ಆರಂಭವಾಗುವ ವರ್ಷವನ್ನು ಅಳಿಸಿ ಬರೆದು, ಅಳಿಸಿ ಬರೆದು ಆ ಒಂದು ಜಾಗದಲ್ಲಿ ಬಣ್ಣ ದಪ್ಪಗಟ್ಟಿ ಮಾಗಿದ ಗಾಯದಂತೆ ಉಬ್ಬಿತ್ತು. ಆ ದಿನ ಗೆರೆಗಳಿಗೆ ಬಣ್ಣ ಹೊಡೆಯುವ ದಿನವಾದ್ದರಿಂದ ಜಾಗಕ್ಕೆ ಅಡ್ಡವಾಗಿ ಹಗ್ಗ ಕಟ್ಟಿ ಕಾರುಗಳನ್ನು ಹೊರಗಿಟ್ಟಿದ್ದರು. ನಡುವೆ ಒಬ್ಬ ಮನುಷ್ಯ ಮಂಡಿಯೂರಿ, ದಾರ ಬಿಗಿದು, ನೆಲಕ್ಕೆ ಬಿಳಿಯ ಗೆರೆ ಎಳೆಯುತ್ತ ಹಿಂದೆ ಹಿಂದಕ್ಕೆ ಸರಿಯುತ್ತಿದ್ದರು. ಬೆನ್ನು ನೋಡಿಯೇ ಬಣ್ಣದ ಮಾಮ ಎಂದು ಗೊತ್ತಾಯಿತು. ತಾನು ಹಾಳೆಯ ಮೇಲೆ ಎಳೆದ ಗೆರೆಗಳನ್ನು ಯಾರೋ ಒಬ್ಬರು ನೆಲದ ಮೇಲೆ ಎಳೆಯಲೇಬೇಕಲ್ಲ ಎಂದು ಅವಳು ಈ ಮೊದಲು ಯೋಚಿಸಿಯೇ ಇರಲಿಲ್ಲ. ಇವರು ಎಂದಂತೂ ಅಲ್ಲ. ಹಗ್ಗದಡಿ ಏಣಿ ತೂರಿಸಲು ಅವಳು ಒದ್ದಾಡುತ್ತಿರುವಾಗ ಹಿಂದೆ ಒಂದು ಕಾರು ಬಂದು ನಿಂತು, ಒಳಗಿದ್ದವನು ತಲೆ ಹೊರಗೆ ಹಾಕಿ, "ಏನಮ್ಮಾ, ನಮಗಿಲ್ಲದ ಜಾಗ ಏಣಿಗಾ?" ಎಂದ. ಮಂಡಿಯೂರಿದ್ದವರು ತಲೆಯೆತ್ತಿ, ನಿಧಾನವಾಗಿ ಎದ್ದು, ಸೊಂಟ ಹಿಡಿದುಕೊಂಡು ಬಂದರು. "ಅದಕ್ಕೆ ಮುಂಚೆಯೇ ಬುಕ್ ಆಗಿದೆ ಸ್ವಾಮಿ," ಎಂದು ಕಾರಿನವನಿಗೆ ಹೇಳಿ, ಏಣಿಯ ಮುಂದಿನ ತುದಿ ಹಿಡಿದು ಎಳೆದುಕೊಂಡರು. ಅವಳ ಕಡೆ ನೋಡಿ, "ಬಂತಾ," ಎಂದರು. ಏಣಿ ತಾನೇ ದಾರಿ ಕೇಳಿಕೊಂಡು ಬಂದಿತೇನೋ ಎಂಬಂತೆ.

ಇಬ್ಬರೂ ಅದನ್ನು ನೆಲಕ್ಕಿಟ್ಟರು. ಒರಗಿಸಲು ಹತ್ತಿರದಲ್ಲಿ ಏನೂ ಇರಲಿಲ್ಲ. ಬಣ್ಣದ ಮಾಮ ವಯಸ್ಸಾಗಿ ಕುಗ್ಗಿದ್ದರು. ಕೈಯ ಬಣ್ಣವನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, ಒರೆಸಿದಷ್ಟೂ ಒರೆಸಿಕೊಳ್ಳುತ್ತ, "ನಾನು ಬಂದಿದ್ದೆ, ಟೇಪಮ್ಮಾ," ಎಂದರು. "ನಿಮ್ಮನೆ ಎದುರು ಫುಟ್‌ಪಾತಲ್ಲಿ ನಿಂತಿದ್ದೆ. ಹೆಣ ಇಳಿಸೋವರೆಗೂ ಇದ್ದೆ. ಮೇಲೆ ಬರೋಕೆ ಕಾಲು ಬರ್ಲಿಲ್ಲ. ಇಂಥಾ ಹೊತ್ತಲ್ಲಿ ಏಣಿ ಕೇಳೋಕೆ ಬಂದ ಮುದುಕ ಅಂತ ನೀನು ಅಂದ್ಕೊಂಡ್ರೆ?"

ಇಷ್ಟು ವರ್ಷ ಅವರು ಏಣಿ ಕೇಳಲಾರದೆ, ತಾವಿಬ್ಬರೂ ಕೊಡಲಾರದೆ, ನಡುವೆ ಬೀದಿಗೆ ಬೀದಿಯೇ ಕಳಚಿಹೋಗಿತ್ತು. ಅವರು ಮಾತಾಡುತ್ತಲೇ ಇದ್ದರು. ಏಣಿ ಬೇಕಾಗುವ ಕೆಲಸ ಈಗ ಕಡಿಮೆಯಂತೆ, ಎಲ್ಲ ನೆಲದ ಮೇಲಿನ ಕೆಲಸವೇ, ಬೋರ್ಡಿನ ವರ್ಷ ತಿದ್ದುವಾಗ ಮಾತ್ರ ಡ್ರಮ್ಮಿನ ಮೇಲೆ ನಿಲ್ಲಬೇಕು, ಅದಕ್ಕೇ ಅಂಕಿ ಸೊಟ್ಟಗೆ ಬರುತ್ತಿವೆ. ಈ ವರ್ಷ ಖಂಡಿತ ಶುರು ಮಾಡುತ್ತಾರಂತೆ. ಕೆಳಗಿನ ಅಂತಸ್ತಿನಲ್ಲಿ ಹಳಬರಿಗೆ ಒಂದೊಂದು ಅಂಗಡಿ ಕೊಡುವ ಮಾತಿದೆ, ಮಾಲೀಕರ ಮಗ ಎದುರಿಗೇ ನಿಂತು ಹೇಳಿದ್ದಾನೆ. ಹೇಳುವಾಗ ಅವರ ಮುಖದಲ್ಲಿ ಯಾವ ವ್ಯಂಗ್ಯವೂ ಇರಲಿಲ್ಲ. ಅವರನ್ನು ಹಿಡಿದು ನಿಲ್ಲಿಸಿದ್ದು ಇದೊಂದು ನಂಬಿಕೆ ಎಂದು ಅವಳಿಗೆ ಕಂಡಿತು. ಇನ್ನು ತಡಮಾಡಿದರೆ ಹೇಳಲಾಗುವುದಿಲ್ಲ ಎಂದುಕೊಂಡು ಅವರ ಮಾತಿನ ನಡುವೆಯೇ ಬಾಯಿ ಹಾಕಿದಳು. "ಮಾಮ, ಈ ಗೆರೆಗಳ ನಕ್ಷೆ ಮಾಡಿದ್ದು ನಾನು. ಅವನ ಅಳತೆ ತಗೊಂಡು ಮಾಡಿದ್ದು. ಅವನು ಕೊಟ್ಟಿದ್ದಲ್ಲ, ನಾನು ಕೇಳಿ ತಗೊಂಡಿದ್ದು."

"ಗೊತ್ತಲ್ಲ," ಎಂದರು ಬಣ್ಣದ ಮಾಮ. "ನಕ್ಷೆ ಮೂಲೇಲಿ ನಿನ್ನ ಹೆಸರಿತ್ತು. ಅದನ್ನ ನೋಡ್ಕೊಂಡೇ ಅಲ್ವಾ ನಾನು ಗೆರೆ ಹಾಕಿದ್ದು." ಆಮೇಲೆ ಗದ್ದದಿಂದ ಬೀದಿಯ ಅಂಚಿನ ಕಡೆಗೆ ತೋರಿಸಿದರು. "ಆದ್ರೆ ಅವು ಅವನವು."

ಆಗ ಅವಳು ನೋಡಿದಳು. ಬೀದಿಗೂ ಕಾರಿನ ಜಾಗಕ್ಕೂ ನಡುವೆ, ಅವಳು ಈಗಷ್ಟೇ ಏಣಿ ಎಳೆದುಕೊಂಡು ದಾಟಿ ಬಂದ ಅಂಚಿನ ಉದ್ದಕ್ಕೂ, ಬಿಳಿಯ ಚೌಕಗಳು. ಒಂದರಿಂದ ಒಂದು ಸಮದೂರದಲ್ಲಿ, ಈ ತುದಿಯಿಂದ ಆ ತುದಿಯವರೆಗೆ, ಹಸಿ ಬಣ್ಣದಲ್ಲಿ ಹೊಳೆಯುತ್ತ. ಕಾರಿಗೆ ಅವುಗಳಿಂದ ಏನೂ ಉಪಯೋಗವಿಲ್ಲ. ಕಂಬಗಳು ನಿಂತಿದ್ದ ಜಾಗಗಳು ಅವು. ಕಂಪ್ಯೂಟರಿನಲ್ಲಿ ನಕ್ಷೆಯನ್ನು ಪದರ ಪದರವಾಗಿ ಬರೆಯುತ್ತಾರೆ, ಗೋಡೆಗಳದೊಂದು ಪದರ, ಬಾಗಿಲು ಕಿಟಕಿಗಳದೊಂದು, ಬೀದಿಯದೊಂದು. ಬೇಡವಾದ ಪದರವನ್ನು ಒಂದು ಒತ್ತಿಗೆ ತೆಗೆದುಹಾಕಬಹುದು. ಅವಳು ಕಟ್ಟಡದ ಪದರಗಳನ್ನೆಲ್ಲ ಹಾಗೆ ತೆಗೆದು, ಉಳಿದ ಬೀದಿಯ ಮೇಲೆ ತನ್ನ ಗೆರೆಗಳನ್ನು ಹಾಕಿ, ಅವತ್ತೇ ಕಳಿಸಿದ್ದಳು. ಆದರೆ ಅವನು ಕಂಬಗಳನ್ನು ಕಟ್ಟಡದ ಪದರದಲ್ಲಲ್ಲ, ಬೀದಿಯ ಪದರದಲ್ಲಿ ಬರೆಯುತ್ತಿದ್ದ. ಪ್ರಪಂಚದಲ್ಲಿ ಯಾರೂ ಹಾಗೆ ಮಾಡುವುದಿಲ್ಲ, ಅವನೊಬ್ಬನೇ. ಮಳೆಗೆ ನಿಲ್ಲುವವರು ಬಾಡಿಗೆ ಕೊಡುತ್ತಾರಾ, ಕಂಬಗಳು ಬೀದಿಯವು, ಎಂದು ಮೇಲಧಿಕಾರಿಗಳ ಜೊತೆ ವಾದ ಮಾಡಿ ಬೈಸಿಕೊಂಡಿದ್ದ. ಬೀದಿಯ ಜೊತೆಗೇ ಕಂಬಗಳೂ ಉಳಿದುಬಿಟ್ಟಿದ್ದವು. ಸಾಸಿವೆಯಷ್ಟು ಚೌಕಗಳು, ಅವಳ ಕಣ್ಣಿಗೆ ಬಿದ್ದಿರಲಿಲ್ಲ, ಓದದೆ ಸಹಿ ಹಾಕುವ ಮ್ಯಾನೇಜರರ ಕಣ್ಣಿಗೂ. ಹಾಳೆ ಕಳಿಸುವ ಮುನ್ನ ಅವನು ಅವಳ ಹಿಂದೆ ಬಂದು ನಿಂತು ಒಂದು ಗಳಿಗೆ ಪರದೆ ನೋಡಿದ್ದ. ಏನಾದರೂ ಹೇಳುತ್ತಾನೆ ಎಂದು ಅವಳು ಕುತ್ತಿಗೆ ಬಿಗಿಹಿಡಿದು ಕೂತಿದ್ದಳು. ಕಂಡಿತ್ತೇ ಅವನಿಗೆ? ಕಂಡೂ ಸುಮ್ಮನಿದ್ದನೇ? ಕೇಳಲು ಈಗ ಯಾರೂ ಇಲ್ಲ.

"ಇವು ಯಾಕೆ ಅಂತ ಎಲ್ರೂ ಕೇಳ್ತಾರೆ," ಎನ್ನುತ್ತಿದ್ದರು ಬಣ್ಣದ ಮಾಮ. "ಮಾಲೀಕರ ಮಗನೂ ಅಳಿಸು ಅಂದ. ನಕ್ಷೆಲಿ ಇದೆ ಸಾರ್, ನಾನು ಕೂಲಿಯೋನು, ನಕ್ಷೆ ತಿದ್ದೋಕೆ ನಾನ್ಯಾರು ಅಂದೆ. ಪ್ರತಿ ಸಲ ಬಣ್ಣ ಹೊಡೆಯೋವಾಗ ಮೊದಲು ಇವನ್ನೇ ಮುಗಿಸ್ತೀನಿ. ಕಟ್ಟಡಕ್ಕೆ ಏನೂ ಆಗಲ್ಲ ಅಂದಿದ್ದ ಹುಡುಗ. ಅವನ ಕೈಲಿ ಎಷ್ಟಾಯ್ತೋ ಅಷ್ಟು ಉಳಿಸಿದ." ಅವರು ಮೂಗನ್ನು ತೋಳಿಗೆ ಒರೆಸಿಕೊಂಡರು. ಕೆನ್ನೆಗೆ ಬಿಳಿಯ ಗೆರೆಯೊಂದು ಹತ್ತಿತು.

ತಪ್ಪಿ ಉಳಿದದ್ದು ಎಂಬ ಮಾತು ಅವಳ ನಾಲಗೆಯ ತುದಿಗೆ ಬಂತು. ಅದು ನಿಜವೇ ಎಂದು ಹೇಳುವಷ್ಟು ಅವಳಿಗೆ ಗೊತ್ತಿರಲಿಲ್ಲ. ಟೇಪಿನ ಒಂದು ತುದಿಯನ್ನು ಅವನು ಹಿಡಿದಿದ್ದ, ಇನ್ನೊಂದನ್ನು ಅವಳು. ನಡುವಿನದು ಯಾರದೆಂದು ಹೇಗೆ ಹೇಳುವುದು? ಕಣ್ಣು ಉರಿಯಿತು. ಹಸಿ ಬಣ್ಣದ ಘಾಟಿರಬಹುದು. ಅವಳು ಒರೆಸಿಕೊಳ್ಳಲಿಲ್ಲ.

ಬಣ್ಣದ ಮಾಮ ಕೊಂಚ ಹೊತ್ತು ಬೇರೆ ಕಡೆ ನೋಡಿಕೊಂಡಿದ್ದರು. ಆಮೇಲೆ, ದಾರಿಯಲ್ಲಿ ಬಿಟ್ಟರೆ ಯಾರಾದರೂ ಮೇಲೆ ಗಾಡಿ ಹತ್ತಿಸಿಯಾರು, ಒಳಗಿಡೋಣ ಹಿಡಿ, ಎಂದರು. ಒಳಗೆ ಎಂದರೆ ಜಾಗದ ಹಿಂತುದಿ. ಹಿಂದಿನ ಮನೆಯ ಗೋಡೆಯ ಮೇಲೆ ಅವರ ಅಂಗಡಿಯ ಹಸಿರು ಇನ್ನೂ ಆಳೆತ್ತರಕ್ಕೆ ಉಳಿದಿತ್ತು, ಅದರ ಬುಡದಲ್ಲಿ ಬಣ್ಣದ ಡಬ್ಬಗಳು, ಬ್ರಷ್ಷುಗಳ ಬಕೆಟ್ಟು, ಒಂದು ಸ್ಟೂಲು. ಅವಳು ಹಿಂದಿನ ತುದಿಯನ್ನು ಎತ್ತಿಕೊಂಡಳು, ಅವರು ಮುಂದಿನದನ್ನು. ನೇರವಾಗಿ ನಡೆದರೆ ಹತ್ತು ಹೆಜ್ಜೆಗಿಂತ ಹೆಚ್ಚಿರಲಿಲ್ಲ. ಮಧ್ಯೆ ತಡೆಯುವಂಥದ್ದು ಏನೂ ಇಲ್ಲ. ಅವರು ನೇರವಾಗಿ ನಡೆಯಲಿಲ್ಲ. ಮೊದಲು ಬೀದಿಯ ಕಡೆಗೆ ಬಂದು, ಹಸಿ ಬಣ್ಣ ತುಳಿಯದಂತೆ ಎರಡು ಚೌಕಗಳ ನಡುವೆ ಹೊಕ್ಕು, ನಾಲ್ಕಡಿ ಹೋಗಿ, ಎಡಕ್ಕೆ ತಿರುಗಿ ಹಳೆಯ ಅಂಗಡಿಯಿದ್ದಲ್ಲಿ ಒಂದು ಕ್ಷಣ ನಿಂತು, "ಜೋಪಾನ, ಬಾಗ್ಲು ಗಿಡ್ಡ," ಎಂದು ತಲೆ ತಗ್ಗಿಸಿ ದಾಟಿದರು.

ತೆರೆದ ಆಕಾಶದ ಕೆಳಗೆ ಅವಳೂ ತಲೆ ತಗ್ಗಿಸಿ ಒಳಗೆ ಹೋದಳು. ಹಸಿರು ಗೋಡೆಗೆ ಏಣಿಯನ್ನು ಒರಗಿಸಿ, ಬುಡ ಜಾರುವುದಿಲ್ಲ ಎಂದು ಅವರು ಕಾಲಿನಿಂದ ಒತ್ತಿ ನೋಡುವವರೆಗೂ ಹಿಡಿದುಕೊಂಡಿದ್ದು, ಆಮೇಲೆ ಕೈ ಬಿಟ್ಟಳು.